ಪಾವಗಡದ ಶಿಬಿರಕ್ಕೆ ಹೊರಡುವ ಮುನ್ನ

ಪ್ರಶ್ನೆ: ನಾನು ತುಮಕೂರಿನ ಕಾಲೇಜೊಂದರ ಪದವಿ ವಿದ್ಯಾರ್ಥಿನಿ. ನಮ್ಮ ರಾಷ್ಟ್ರೀಯ ಸೇವಾ ಯೋಜನೆ ಘಟಕದ ಏಳು ದಿನಗಳ ವಿಶೇಷ ಶಿಬಿರ ಈ ಬಾರಿ ಪಾವಗಡ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಡೆಯಲಿದೆ. ಕಳೆದ ವರ್ಷ ಬೇರೊಂದು ಊರಿನಲ್ಲಿ ದೇವಸ್ಥಾನದ ಬೀದಿ ಗುಡಿಸಿ, ಜಾಥಾ ನಡೆಸಿ ಬಂದೆವು. ದಲಿತರ ಕಾಲೋನಿಗೆ ಕಾಲಿಡಲೇ ಇಲ್ಲ. ಸಾಮಾಜಿಕ ನ್ಯಾಯದ ಮಾತಾಡುವ ನಾವು ನಿಜಕ್ಕೂ ಏನು ಮಾಡಬಹುದು?

ಉತ್ತರ: ಶಿಬಿರದ ಒಲೆಯನ್ನು ಎಲ್ಲಿ ಹೂಡುತ್ತೀರಿ, ಅಡುಗೆಗೆ ಯಾರನ್ನು ಕರೆಯುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಊರ ನಡುವಿನ ಶಾಲೆಯಲ್ಲಿ ತಂಗಿ, ಊರ ಮುಖಂಡರು ತೋರಿಸಿದ ಬೀದಿಯನ್ನಷ್ಟೇ ಗುಡಿಸಿ ಬಂದರೆ, ಅಲ್ಲಿ ಮೊದಲೇ ಇರುವ ಗೆರೆಗೆ ಶಿಬಿರವೂ ಒಪ್ಪಿಗೆ ಕೊಟ್ಟಂತಾಗುತ್ತದೆ. ಊರು, ಕಾಲೋನಿ ಎರಡೂ ಕಡೆಯ ಸ್ವಸಹಾಯ ಸಂಘಗಳ ಮಹಿಳೆಯರನ್ನು ಕೂಲಿ ಕೊಟ್ಟು ಅಡುಗೆಗೆ ಕರೆಯಿರಿ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿಯ ಬಗ್ಗೆ ಭಾಷಣ ಏರ್ಪಡಿಸುವ ಮೊದಲು ಅವರು ಬೇಯಿಸಿದ ಮುದ್ದೆಯನ್ನು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತೆ ನೋಡಿಕೊಳ್ಳಿ.

ಪಾವಗಡದಲ್ಲಿ ನೀರಿಗಿಂತ ದೊಡ್ಡ ಪ್ರಶ್ನೆ ನನಗೆ ಕಾಣುವುದಿಲ್ಲ. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬೇರೆ ಮೂಲವಿಲ್ಲದಿದ್ದರೂ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಕುಡಿಯುವ ನೀರಿನ ಭಾರತೀಯ ಮಾನಕ ಹೇಳುತ್ತದೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲುಗಳು ಬಿಗಿಯುತ್ತವೆ. ಕಾಯಿಸಿದರೂ ಫ್ಲೋರೈಡ್ ಹೋಗದು. ಶುದ್ಧ ಕುಡಿಯುವ ನೀರಿನ ಘಟಕ ಎಲ್ಲಿದೆ, ಕೆಟ್ಟಿದ್ದರೆ ಎಷ್ಟು ದಿನವಾಯಿತು, ಕಾಲೋನಿಯಿಂದ ಎಷ್ಟು ದೂರ, ಕ್ಯಾನು ಹೊರುವವರು ಯಾರು ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಿ. ಅಲ್ಲಿ ಬಹಳ ಮನೆಗಳ ಮಾತು ತೆಲುಗು. ತೆಲುಗು ಬಲ್ಲ ಸಹಪಾಠಿಯೊಬ್ಬರು ಪ್ರತಿ ತಂಡದಲ್ಲೂ ಇರಲಿ. ಬರೆದದ್ದನ್ನು ಕಾಲೋನಿಯವರ ಮುಂದೆ ಓದಿ, ಅವರು ಒಪ್ಪಿದ ಮೇಲೆ ಅವರೊಂದಿಗೇ ಹೋಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೋಟೆಲಿನಲ್ಲಿ ದಲಿತರಿಗೆ ಪ್ರತ್ಯೇಕ ಲೋಟ ಇಟ್ಟಿರುವುದು ಕಂಡರೆ ನಿಮಗೆ ಸಿಟ್ಟು ಬರುವುದು ಸಹಜ, ಬರಲೂಬೇಕು. ಆದರೂ ದುಡುಕಿ ಜಗಳ ತೆಗೆಯಬೇಡಿ. ಎಂಟನೆಯ ದಿನ ನೀವು ಬಸ್ಸು ಹತ್ತುತ್ತೀರಿ. ಆ ಜಗಳದ ಫಲ ಉಣ್ಣಬೇಕಾದವರು ಅದೇ ಊರಿನ ಹೊಲಗಳಿಗೆ ಕೂಲಿಗೆ ಹೋಗಬೇಕಾದವರು. ದೂರು ಕೊಡಬೇಕೇ, ಯಾವಾಗ ಎಂಬುದನ್ನು ಅವರೇ ನಿರ್ಧರಿಸಲಿ. ಅವರು ಮುಂದಾದರೆ ಪೊಲೀಸ್ ಠಾಣೆಗೂ ತಾಲ್ಲೂಕು ಕಚೇರಿಗೂ ಜೊತೆಯಾಗಿ ಹೋಗಿ, ಊರು ಬಿಟ್ಟ ಮೇಲೂ ಅವರ ಫೋನ್ ಎತ್ತಿ.

ಶಿಬಿರದ ಹೊರತಾಗಿ ಸೇವಾ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆಗಳ ನಿಯಮಿತ ಚಟುವಟಿಕೆಯೂ ಇದೆ. ಪಾವಗಡ ದೂರವಾದರೂ ಅದರಲ್ಲೊಂದಿಷ್ಟು ಹೊತ್ತನ್ನು ಆ ಹಳ್ಳಿಗೇ ಮೀಸಲಿಟ್ಟು, ಮೂರು ತಿಂಗಳ ನಂತರ ನೀರಿನ ಅರ್ಜಿ ಏನಾಯಿತೆಂದು ಕೇಳಿ ಬನ್ನಿ.