ಮೊಣಕೈ ನೋವಿಗೆ ಮೂರನೇ ಇಂಜೆಕ್ಷನ್ ಬೇಕೇ?

ಪ್ರಶ್ನೆ: ನನಗೆ 42 ವರ್ಷ. ಮೆಸ್‌ನಲ್ಲಿ ದಿನಕ್ಕೆ 200 ಚಪಾತಿ ಲಟ್ಟಿಸುತ್ತೇನೆ. ಏಳು ತಿಂಗಳಿಂದ ಬಲ ಮೊಣಕೈಯ ಹೊರಬದಿ ನೋವು. ಬಟ್ಟೆ ಹಿಂಡಲೂ ಬಿಂದಿಗೆ ಎತ್ತಲೂ ಆಗುತ್ತಿಲ್ಲ. ಎರಡು ಸಲ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದೆ. ತಿಂಗಳು ಹಾಯಾಗಿದ್ದು ಮತ್ತೆ ಶುರುವಾಯಿತು. ಇನ್ನೊಂದು ಹಾಕಿಸಲೇ?

ಉತ್ತರ: ಬೇಡ. ನಿಮ್ಮ ಲಕ್ಷಣಗಳು ಟೆನಿಸ್ ಎಲ್ಬೋಗೆ ಹೊಂದುತ್ತವೆ. ಟೆನಿಸ್ ಬ್ಯಾಟನ್ನೇ ಮುಟ್ಟದವರಿಗೂ ಇದು ಬರುತ್ತದೆ. ಲಟ್ಟಣಿಗೆ, ಸುತ್ತಿಗೆ, ಸ್ಕ್ರೂಡ್ರೈವರ್ ಹಿಡಿಯುವ ಕೈಗಳಿಗಂತೂ ತುಂಬಾ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುರಜ್ಜು ಮೊಣಕೈಯ ಹೊರಗಿನ ಮೂಳೆಗುಬ್ಬಿಗೆ ಅಂಟುವ ಜಾಗದಲ್ಲಿ ಎಳೆಗಳು ಸವೆದಿರುತ್ತವೆ. ಸ್ಟೀರಾಯ್ಡ್ ನೋವನ್ನು ಕೆಲವು ವಾರ ಅಡಗಿಸುತ್ತದೆ, ಎಳೆಗಳನ್ನು ಕಟ್ಟುವುದಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಟೀರಾಯ್ಡ್ ಪಡೆದವರಲ್ಲಿ ಶೇ 54 ಮಂದಿಗೆ ವರ್ಷದೊಳಗೆ ನೋವು ಮರುಕಳಿಸಿತು. ಔಷಧವಿಲ್ಲದ ಇಂಜೆಕ್ಷನ್ ಪಡೆದವರಲ್ಲಿ ಶೇ 12 ಮಂದಿಗೆ ಮಾತ್ರ.

ರಜ್ಜುವಿಗೆ ಬೇಕಾದದ್ದು ಹದವಾಗಿ ಏರುವ ಭಾರ. ಮುಂಗೈಯನ್ನು ಮೇಜಿನ ಮೇಲಿಡಿ, ಅಂಗೈ ಕೆಳಮುಖವಾಗಿರಲಿ, ಮಣಿಕಟ್ಟು ಅಂಚಿನಾಚೆ ಇರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಅಲುಗಿಸದೆ 30ರಿಂದ 45 ಸೆಕೆಂಡ್ ನಿಲ್ಲಿಸಿ. ನಡುವೆ ಒಂದು ನಿಮಿಷ ಬಿಡುವು ಕೊಟ್ಟು ಐದು ಸಲ ಮಾಡಿ. ಎರಡು ವಾರದ ನಂತರ, ಬಾಟಲಿಯನ್ನು ಎಡಗೈಯಿಂದ ಮೇಲೆತ್ತಿ ಕೊಟ್ಟು, ಬಲಗೈಯಿಂದ ನಾಲ್ಕು ಎಣಿಸುವಷ್ಟು ನಿಧಾನ ಇಳಿಸಿ. ಹದಿನೈದರಂತೆ ಮೂರು ಸುತ್ತು, ದಿನಬಿಟ್ಟು ದಿನ. 10ಕ್ಕೆ 3-4ರಷ್ಟು ನೋವಿದ್ದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಭಾರ ಇಳಿಸಿ. ಹೆಚ್ಚಿನವರು ಎಡವುವುದು ಮೂರನೇ ವಾರದಲ್ಲಿ: ನೋವು ತುಸು ತಗ್ಗಿತೆಂದು ವ್ಯಾಯಾಮ ಬಿಡುತ್ತಾರೆ. ಹನ್ನೆರಡು ವಾರ ಬಿಡದೆ ಮಾಡಿ.

ಲಟ್ಟಣಿಗೆಯ ಹಿಡಿ ಬಿಗಿಯದೆ ಅಂಗೈಯಿಂದ ಉರುಳಿಸಿ. ಪಾತ್ರೆಯನ್ನು ಅಂಗೈ ಮೇಲ್ಮುಖ ಮಾಡಿ ಎತ್ತಿ. ಪಟ್ಟಿ ಕಟ್ಟುವುದಾದರೆ ಗುಬ್ಬಿಯ ಮೇಲಲ್ಲ, ಎರಡು ಬೆರಳು ಕೆಳಗೆ, ಮಲಗುವಾಗ ಬಿಚ್ಚಿಡಿ.

ಕಿರುಬೆರಳು ಜೋಮು ಹಿಡಿದರೆ, ಕುತ್ತಿಗೆ ತಿರುಗಿಸಿದಾಗ ನೋವು ಕೈಗಿಳಿದರೆ, ಮೊಣಕೈ ಪೂರ್ತಿ ನೀಳವಾಗದೆ ಸಿಕ್ಕಿಕೊಂಡರೆ ಇದು ಬೇರೆಯದೇ ತೊಂದರೆ, ಮೂಳೆ ತಜ್ಞರಿಗೆ ತೋರಿಸಿ. ಜ್ವರದ ಜೊತೆ ಕೀಲು ಕೆಂಪಾಗಿ ಊದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಗೊಬ್ಬರದ ಮೂಟೆ ಹಿಡಿಯುವಾಗ ಅಣ್ಣನ ಮೊಣಕೈ ಮುಂಭಾಗದಲ್ಲಿ 'ಟಪ್' ಎಂದಿತು. ಐದು ದಿನದಿಂದ ಎಣ್ಣೆ ಹಚ್ಚಿ ಉಜ್ಜುತ್ತಿದ್ದೇವೆ. ತೋಳಿನ ಗಂಟು ಮೇಲೇರಿದಂತೆ ಕಾಣುತ್ತದೆ.

ಉತ್ತರ: ಉಜ್ಜುವುದನ್ನು ಇಂದೇ ನಿಲ್ಲಿಸಿ. ಬೈಸೆಪ್ಸ್ (ತೋಳಿನ ಮುಂಭಾಗದ ಸ್ನಾಯು) ರಜ್ಜು ಮೂಳೆಯಿಂದ ಕಿತ್ತು ಬಂದಿರಬಹುದು. ಅಣ್ಣ ಮೊಣಕೈ ಮಡಿಸಿ ಅಂಗೈಯನ್ನು ತಮ್ಮ ಮುಖದ ಕಡೆ ತಿರುಗಿಸಲಿ. ಮಡಿಕೆಯಲ್ಲಿ ಹಗ್ಗದಂಥ ರಜ್ಜು ಸಿಗುತ್ತದೆ. ಅದರಡಿ ಹೊರಬದಿಯಿಂದ ತೋರುಬೆರಳು ಕೊಕ್ಕೆಯಾಗಿ ಸಿಕ್ಕಿಕೊಳ್ಳಬೇಕು. ಇನ್ನೊಂದು ಕೈಯಲ್ಲಿ ಸಿಕ್ಕಿ ಇದರಲ್ಲಿ ಸಿಗದಿದ್ದರೆ ಪೂರ್ತಿ ಹರಿದಿರುವ ಸಾಧ್ಯತೆ ಹೆಚ್ಚು. ಸಿಕ್ಕರೂ ತೋರಿಸುವುದನ್ನು ತಪ್ಪಿಸಬೇಡಿ. ಕೈಯನ್ನು ಜೋಳಿಗೆಪಟ್ಟಿಯಲ್ಲಿ ಇಟ್ಟು ಈ ವಾರವೇ ಮೂಳೆ ಶಸ್ತ್ರಚಿಕಿತ್ಸಕರನ್ನು ಕಾಣಿ. ಎರಡು-ಮೂರು ವಾರ ಕಳೆದರೆ ರಜ್ಜು ಮೇಲಕ್ಕೆ ಸರಿದು ಸುತ್ತಲಿನ ಮಾಂಸಕ್ಕೆ ಅಂಟುತ್ತದೆ, ಹೊಲಿಗೆ ಕಷ್ಟವಾಗುತ್ತದೆ. ಪೆಟ್ಟಾದ ದಿನಾಂಕ, 'ಟಪ್' ಎಂದದ್ದು, ಅಂಗೈ ಮೇಲೆ ತಿರುಗಿಸುವ ಬಲ ಕಡಿಮೆಯಾಗಿರುವುದು, ಈ ಮೂರನ್ನೂ ಚೀಟಿಯಲ್ಲಿ ಬರೆದು ಒಯ್ಯಿರಿ.