ದೇವರ ನ್ಯಾಯತೀರ್ಪಿನ ದಿನ ನಿಲ್ಲುವಷ್ಟು ಯೋಗ್ಯನಾಗುವುದು ಹೇಗೆ?

ನ್ಯಾಯತೀರ್ಪಿನ ದಿನ ನೆನೆದರೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಯೋಗ್ಯನಾಗಲು ಏನು ಮಾಡಲಿ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನನ್ನ ಹರೆಯ ಪೂರ್ತಿ ಕಳೆದೆ.

ಪಾಪದ ಲೆಕ್ಕ ಬರೆಯಲು ಒಂದು ಡೈರಿ ಇಟ್ಟಿದ್ದೆ. ಹೇಳಿದ ಸುಳ್ಳು, ಅಮ್ಮನ ಮೇಲೆ ರೇಗಿದ್ದು, ಪ್ರಾರ್ಥನೆ ಮಾಡದೆ ಮಲಗಿದ್ದು. ಅದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ ಬಿಡಿ. ನಷ್ಟ ಆಗಿದ್ದು ಕರ್ತನ ಭೋಜನವನ್ನೇ, ಅಂದರೆ ಯೇಸುವಿನ ನೆನಪಿಗೆ ಚರ್ಚಿನಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸವನ್ನೇ, ತೆಗೆದುಕೊಳ್ಳದೆ ಬಿಟ್ಟಿದ್ದರಿಂದ.

ಕಾರಣ ಬೈಬಲಿನ ಒಂದನೇ ಕೊರಿಂಥ 11, ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಗೆ ಬರೆದ ಪತ್ರದ ಅಧ್ಯಾಯ. ಅಯೋಗ್ಯವಾಗಿ ತಿಂದು ಕುಡಿಯುವವನು ತನ್ನ ಮೇಲೆ ತಾನೇ ತೀರ್ಪು ತಂದುಕೊಳ್ಳುತ್ತಾನೆ ಅಂತ ಪೌಲ 27ರಿಂದ 29ನೇ ವಚನಗಳಲ್ಲಿ ಬರೆದಿದ್ದಾನೆ. ನಾನು ಅಷ್ಟನ್ನೇ ಹಿಡಿದುಕೊಂಡೆ. ಸ್ವಲ್ಪ ಮೇಲೆ, 21ರಲ್ಲಿ, ಅಲ್ಲಿ ನಡೆದದ್ದು ಏನು ಅಂತ ಇದೆ. ಕೊರಿಂಥದ ಸಭೆಯಲ್ಲಿ ಕೆಲವರು ತಮ್ಮ ಊಟ ತಾವೇ ಮೊದಲು ಮುಗಿಸುತ್ತಿದ್ದರು. ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬನಿಗೆ ಅಮಲೇರಿರುತ್ತಿತ್ತು. ಪೌಲ ಗದರಿದ್ದು ಅವರನ್ನು. ನಮ್ಮಂಥ ಅಂಜುಬುರುಕರನ್ನು ಕರ್ತನ ಮೇಜಿನಿಂದ ಎಬ್ಬಿಸಿ ಕಳಿಸಲು ಬರೆದದ್ದಲ್ಲ ಅದು. ಇನ್ನು ಕೆಳಗೆ 32ರಲ್ಲಿ, ಕರ್ತನು ಈಗ ನಮ್ಮನ್ನು ತಿದ್ದುವುದೇ ಲೋಕದ ಜೊತೆ ನಮಗೂ ದಂಡನೆ ಆಗದಿರಲಿ ಅಂತ, ಎಂದೂ ಇದೆ. ನಾನು ಮೇಲೂ ನೋಡಲಿಲ್ಲ, ಕೆಳಗೂ ನೋಡಲಿಲ್ಲ. ಭೋಜನದ ಭಾನುವಾರ ಬಂದರೆ ಪ್ರಸಂಗ ಮುಗಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಗೇಟಿನಾಚೆ ಹೋಗಿ ನಿಲ್ಲುತ್ತಿದ್ದೆ. ವರ್ಷಗಟ್ಟಲೆ ಹೀಗೇ.

ಅಪ್ಪ ಹಾಸಿಗೆ ಹಿಡಿದಾಗ ನಮ್ಮ ಸಭೆಯ ಪಾದ್ರಿ ಅಯ್ಯನವರು ಮನೆಗೇ ಬಂದು ಭೋಜನ ಕೊಟ್ಟರು. ಅಪ್ಪನಿಗೆ ನುಂಗಲು ಕಷ್ಟ. ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ಚಮಚದಲ್ಲಿ ಬಾಯಿಗಿಟ್ಟರು. ಅಪ್ಪ ನನ್ನ ಕಡೆ ತಿರುಗಿ, "ನೀನೂ ಬಾರೋ" ಅಂದರು.

"ಬೇಡಪ್ಪ, ನಾನಿನ್ನೂ ತಯಾರಾಗಿಲ್ಲ."

"ನಾನೇನು ತಯಾರಾಗಿದ್ದೀನಾ?"

ಆಗಲೂ ನಾನು ಹತ್ತಿರ ಹೋಗಲಿಲ್ಲ. ಆ ವಾರವೇ ಅಪ್ಪ ತೀರಿಕೊಂಡರು.

ಅದಕ್ಕೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ, ನೀವು ಕೇಳಿದ ಪ್ರಶ್ನೆಯೇ ತಪ್ಪು. ಅಲ್ಲಿ ಯಾರೂ ಯೋಗ್ಯರಾಗಿ ನಿಲ್ಲುವುದಿಲ್ಲ. ಕ್ರೈಸ್ತ ನಂಬಿಕೆಯನ್ನು ಪ್ರಶ್ನೆ-ಉತ್ತರವಾಗಿ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದ 52ನೇ ಪ್ರಶ್ನೆ ನೋಡಿ. ಕ್ರಿಸ್ತನು ನ್ಯಾಯತೀರಿಸಲು ಬರುವುದರಿಂದ ನಿನಗೇನು ಸಮಾಧಾನ ಅಂತ ಕೇಳುತ್ತದೆ. ಸಮಾಧಾನವಂತೆ! ಉತ್ತರದ ಸಾರ ಇಷ್ಟು: ತೀರ್ಪು ಕೊಡಲು ಬರುವವನು ನನ್ನ ಬದಲು ಮೊದಲೇ ದೇವರ ತೀರ್ಪಿಗೆ ನಿಂತವನು, ಹಾಗಾಗಿ ತಲೆ ಎತ್ತಿಕೊಂಡು ಕಾಯುತ್ತೇನೆ.

ಬೈಬಲಿನ 98ನೇ ಕೀರ್ತನೆಯಲ್ಲಂತೂ ದೇವರು ನ್ಯಾಯತೀರಿಸಲು ಬರುತ್ತಾನೆ ಅಂತ ನದಿಗಳು ಚಪ್ಪಾಳೆ ತಟ್ಟುತ್ತವೆ. ಜಮೀನು ಕಿತ್ತುಕೊಂಡವರ ವಿರುದ್ಧ, ಕೂಲಿ ನುಂಗಿದವರ ವಿರುದ್ಧ ಎಲ್ಲೂ ನ್ಯಾಯ ಸಿಗದವರು ಕಾಯುವುದೇ ಆ ದಿನಕ್ಕೆ. ನಾವು ನಮ್ಮ ಕೇಸು ಬಿಟ್ಟು ಬೇರೆಯವರದ್ದು ಯೋಚಿಸುವುದೇ ಇಲ್ಲ, ಅಲ್ವಾ?

ಹಾಗಾದರೆ ಹೇಗೆ ಬದುಕಿದರೂ ನಡೆಯುತ್ತಾ ಅಂತ ಕೇಳಬಹುದು. ಲೂಕನ ಸುವಾರ್ತೆ 19ರಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯ ಮೊದಲು ಲೆಕ್ಕ ಚುಕ್ತಾ ಮಾಡಿ ಆಮೇಲೆ ಯೇಸುವನ್ನು ಕರೆಯಲಿಲ್ಲ. ಯೇಸು ತಾನಾಗಿ ಅವನ ಮನೆಗೆ ಬಂದ. ಮೋಸದ ದುಡ್ಡು ನಾಲ್ಕರಷ್ಟು ವಾಪಸ್ ಕೊಡುವ ಮಾತು ಬಂದದ್ದು ಆಮೇಲೆ.

ನಿದ್ದೆ ದಿನಾ ಕೆಡುತ್ತಿದ್ದರೆ ಡಾಕ್ಟರಿಗೂ ತೋರಿಸಿ, ಅದರಲ್ಲಿ ಅವಿಶ್ವಾಸವೇನೂ ಇಲ್ಲ. ಮುಂದಿನ ಭೋಜನದ ಭಾನುವಾರ ಗೇಟಿನ ಕಡೆ ಹೋಗಬೇಡಿ. ಪಟ್ಟಿ ಬರೆಯದೆ ಕೈ ಸುಮ್ನೆ ಇರದಿದ್ದರೆ ಯಾರಿಗೆ ದುಡ್ಡು ಬಾಕಿ ಇದೆ, ಯಾರ ಜೊತೆ ಮಾತು ಬಿಟ್ಟಿದ್ದೀರಿ ಅಂತ ಬರೆಯಿರಿ. ಮೊದಲ ಹೆಸರಿನವರ ಮನೆಗೆ ಈ ವಾರವೇ ಹೋಗಿಬನ್ನಿ.