ಮೆಟ್ರೊ ಸುರಂಗಕ್ಕೆ ನೀರು ನುಗ್ಗಿದಾಗ

ಪ್ರವಾಹದ ಸಿನಿಮಾಗಳಲ್ಲಿ ತೋರಿಸುವ ಹಾಗೆ ಮೆಟ್ರೊ ಸುರಂಗಕ್ಕೆ ನಿಜವಾಗಲೂ ನೀರು ನುಗ್ಗುತ್ತಾ ಅಂತ ಕೇಳಿದ್ದೀರಿ. ನುಗ್ಗುತ್ತದೆ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕ್‌ನ ಸುರಂಗಗಳಿಗೆ ಸಮುದ್ರದ ನೀರೇ ಬಂತು. 2021ರ ಜುಲೈ 20ರಂದು ಚೀನಾದ ಝೆಂಗ್‌ಝೌನಲ್ಲಿ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಸುರಿಯಿತು. ಸುರಂಗದಲ್ಲಿ ನಿಂತುಹೋದ ರೈಲಿನೊಳಗೆ ನೀರು ಮೊದಲು ಕಾಲಿಗೆ, ಆಮೇಲೆ ಸೊಂಟಕ್ಕೆ, ಕೊನೆಗೆ ಕತ್ತಿನವರೆಗೆ ಏರಿತು. 14 ಜನ ತೀರಿಕೊಂಡರು.

ಸಿನಿಮಾದವರು ಈ ಏರಿಕೆಯನ್ನು ತೋರಿಸುವುದೇ ಕಡಿಮೆ, ಅಲ್ವಾ? ಬರೀ ದೊಡ್ಡ ಅಲೆ. ನಾನು ಮಂಡ್ಯದವನು. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ನಿಂತು ನೋಡಿದ್ದೇನೆ. ಒಂದು ಮೆಟ್ಟಿಲು ಸುಮ್ನೆ ಮುಳುಗುತ್ತದೆ. ಚಪ್ಪಲಿ ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು. ನನಗೆ ಅಲೆಗಿಂತ ಅದೇ ಹೆಚ್ಚು ಭಯ.